ಮಾಳಿಗೆಯ ಮೇಲಣ ಪತಂಗ

ಮೈಸೂರು ಸೀಮೆಯಲ್ಲಿ ಬೆಳೆದವರಿಗೆ ಗಾಳಿಪಟವೆಂದರೆ ಆಷಾಢಮಾಸದ ವಸ್ತು. ಶುಭಕಾರ್ಯಗಳೆಲ್ಲ ನಿಂತು, ನವವಧುಗಳು ತವರಿಗೆ ತೆರಳಿ, ಪಡುವಣ ಗಾಳಿಯೊಂದೇ ಬಿಡುವಿಲ್ಲದೆ ದುಡಿಯುವ ಆ ದಿನಗಳಲ್ಲಿ, ದೊಡ್ಡಬಳ್ಳಾಪುರದ ನೇಕಾರರ ಕೇರಿಗಳ ಆಚೆ, ಏಕಾದಶಿಯ ಸುಮಾರಿಗೆ, ಉದ್ದನೆಯ ಬಾಲಂಗೋಚಿಗಳನ್ನು ಬೀಸುತ್ತ ಏರುವ ಪಟಗಳನ್ನು ಕಂಡವರು ಈ ಕ್ರೀಡೆಗೆ ಬೇರೆ ಋತುವೊಂದು ಇದ್ದೀತೆಂದು ಸುಲಭವಾಗಿ ಊಹಿಸಲಾರರು. ಆದರೆ ಕನ್ನಡವನ್ನೇ ಮನೆಮಾತಾಗಿ ಉಳ್ಳ ಅನೇಕ ಕುಟುಂಬಗಳು ನೆಲಸಿರುವ ಜಹೀರಾಬಾದ್, ನಾರಾಯಣಖೇಡ, ತಾಂಡೂರುಗಳ ಕಡೆಗೆ ಆಷಾಢದಲ್ಲಿ ಹೋಗಿ ತಲೆಯೆತ್ತಿ ನೋಡಿದರೆ ಮೋಡವಲ್ಲದೆ ಬೇರೇನೂ ಕಾಣಿಸದು. ಅಲ್ಲಿ ಪಟ ಏರುವುದು ಸಂಕ್ರಾಂತಿಯ ಹಿಂದುಮುಂದಿನ ದಿನಗಳಲ್ಲಿ, ಅದಕ್ಕೆ ಬಾಲವಿಲ್ಲ, ಜನ ಅದನ್ನು ಪತಂಗವೆಂದೇ ಕರೆಯುತ್ತಾರೆ. ಒಂದೇ ನುಡಿಯ ಜನರು ಒಂದೇ ಆಟವನ್ನು ಆರು ತಿಂಗಳ ಅಂತರದಲ್ಲಿ, ಎರಡು ಬೇರೆ ಬಗೆಯ ಪಟಗಳಿಂದ ಆಡುವಂತಾದುದು ಹೇಗೆಂದು ವಿಚಾರಿಸಹೊರಟರೆ, ನಕಾಶೆಯಲ್ಲಿ ಗೆರೆಯೆಳೆದು ತೋರಿಸಲಾಗದ ಒಂದು ಹಳೆಯ ಭೂಗೋಳ ಕಣ್ಣಿಗೆ ಬೀಳುತ್ತದೆ.

ನಕಾಶೆಯ ಗೆರೆಯ ವಿಷಯವನ್ನು ಮೊದಲು ಹೇಳಿ ಮುಗಿಸುವುದು ಲೇಸು. ಹೈದರಾಬಾದ್ ರಾಜ್ಯವು ವಿಭಜನೆಗೊಳ್ಳುವ ಮುನ್ನ ಜಹೀರಾಬಾದ್ ಮತ್ತು ನಾರಾಯಣಖೇಡ ತಾಲ್ಲೂಕುಗಳು ಬೀದರ ಜಿಲ್ಲೆಯಲ್ಲಿಯೂ ತಾಂಡೂರು ಕಲಬುರ್ಗಿ ಜಿಲ್ಲೆಯಲ್ಲಿಯೂ ಇದ್ದುವು. ೧೯೫೬ರ ನವೆಂಬರ್ ೧ರಂದು ರಾಜ್ಯಗಳ ಪುನರ್ವಿಂಗಡಣೆ ಜಾರಿಗೆ ಬಂದಾಗ ಮೊದಲೆರಡು ಮೆದಕ್ ಜಿಲ್ಲೆಗೂ ಮೂರನೆಯದು ಹೈದರಾಬಾದ್ ಜಿಲ್ಲೆಗೂ ಸೇರಿ ಆಂಧ್ರಪ್ರದೇಶದ ಭಾಗಗಳಾದುವು. ಜಹೀರಾಬಾದ್ ತಾಲ್ಲೂಕಿನ ನಿರ್ಣಾ ವಲಯವೊಂದನ್ನು ಮಾತ್ರ ಮೈಸೂರು ರಾಜ್ಯಕ್ಕೆ ಉಳಿಸಿ, ಬೀದರ ತಾಲ್ಲೂಕಿನ ನ್ಯಾಲಕಲ್ ವಲಯವನ್ನು ಅತ್ತ ಬಿಟ್ಟುಕೊಟ್ಟರು. ಈಗ ತೆಲಂಗಾಣದಲ್ಲಿ, ೨೦೧೬ರ ಜಿಲ್ಲಾ ಮರುವಿಂಗಡಣೆಯ ತರುವಾಯ, ಜಹೀರಾಬಾದ್ ನಾರಾಯಣಖೇಡಗಳು ಸಂಗಾರೆಡ್ಡಿ ಜಿಲ್ಲೆಗೂ ತಾಂಡೂರು ವಿಕಾರಾಬಾದ್ ಜಿಲ್ಲೆಗೂ ಸೇರಿವೆ. ಇಷ್ಟೆಲ್ಲ ಕತ್ತರಿಯಾಟ ನಡೆದರೂ ಪತಂಗದ ಪಂಚಾಂಗ ಒಂದು ದಿನವೂ ಅತ್ತಿತ್ತ ಸರಿಯಲಿಲ್ಲ. ಗೆರೆಯ ಈಚೆಯ ಬೀದರ ಕಲಬುರ್ಗಿಗಳಲ್ಲಿಯೂ ಪತಂಗದ ಹಬ್ಬ ಸಂಕ್ರಾಂತಿಯೇ. ಎರಡು ಋತುಗಳ ನಡುವಣ ಸೀಮೆ ಬೇರೆಲ್ಲಿಯೋ ದಕ್ಷಿಣಕ್ಕೆ ಇದೆ, ಅದಕ್ಕೆ ಸರಕಾರ ನೆಟ್ಟ ಕಲ್ಲಿಲ್ಲ.

ಈ ಋತುಭೇದಕ್ಕೆ ಮೊದಲನೆಯ ಕಾರಣ ಗಾಳಿ. ಮೈಸೂರಿನ ಪ್ರಸ್ಥಭೂಮಿಯಲ್ಲಿ ಆಷಾಢದ ಮಳೆ ಸಾಧಾರಣ, ಗಾಳಿ ಮಾತ್ರ ಪ್ರಬಲ. ಆ ಪ್ರಾಬಲ್ಯಕ್ಕೆ ಎದುರಾಗಿ ಪಟ ಗಿರಕಿಹೊಡೆಯದೆ ನಿಲ್ಲಬೇಕಾದರೆ ಅದಕ್ಕೆ ಬಾಲದ ಭಾರ ಬೇಕೇ ಬೇಕು. ಮಂಜೀರಾ ಮತ್ತು ಕಾಗಿಣಾ ನದಿಗಳ ಸೀಮೆಯ ಎರೆಭೂಮಿಯಲ್ಲಿ ಅದೇ ಕಾಲ ಬಿತ್ತನೆಯದು. ಕಾಲಿಟ್ಟರೆ ಹೂತುಹೋಗುವ ಆ ಕರಿಯ ಕೆಸರಿನಲ್ಲಿ ಪಟದ ಹಿಂದೆ ಓಡುವವರಾರು? ಪುಷ್ಯಮಾಸದಲ್ಲಾದರೋ ಆಕಾಶ ನಿರ್ಮಲವಾಗಿ, ತೊಗರಿಯ ಕೊಯ್ಲು ಮುಗಿಯುತ್ತ ಬಂದು, ಈಶಾನ್ಯದಿಂದ ಹಗುರವಾದ ಗಾಳಿಯೊಂದು ಸುಳಿಯುತ್ತದೆ. ಈ ಮಂದಾನಿಲದಲ್ಲಿ ಬಾಲದ ಪಟ ಮೇಲೇಳದು. ಅಲ್ಲಿಗೆ ತಕ್ಕದ್ದು ಒಂದು ತಾವು ತೆಳುಕಾಗದ, ನೆಟ್ಟಗಿನ ಬಿದಿರಕಡ್ಡಿಯೊಂದು, ಬಿಲ್ಲಾಗಿ ಬಾಗಿದ ಇನ್ನೊಂದು, ಇಷ್ಟರಿಂದಲೇ ಆದ ಹೈದರಾಬಾದಿನ ಪತಂಗ.

ಇದರ ಯಂತ್ರರಹಸ್ಯವು ಬಹು ರಮ್ಯವಾದದ್ದು. ಅದಕ್ಕಾಗಿ ಓದುಗರು ಒಂದು ಕ್ಷಣ ನಿಲ್ಲಬೇಕೆಂದು ಕೋರುತ್ತೇನೆ. ದಾರವನ್ನು ಬಿಗಿಹಿಡಿದು ಎಳೆದಾಗ ಗಾಳಿಯ ಒತ್ತಡದಿಂದ ಅಡ್ಡಕಡ್ಡಿಯ ಎರಡು ತುದಿಗಳೂ ಹಿಂದಕ್ಕೆ ಬಾಗುತ್ತವೆ. ಪಟಕ್ಕೆ ದೋಣಿಯ ಬೆನ್ನಿನಂತಹ ಆಕಾರ ಬಂದು ಅದು ಸ್ಥಿರವಾಗಿ, ತನ್ನ ಮೂಗು ಯಾವ ದಿಕ್ಕಿಗಿದೆಯೋ ಆ ದಿಕ್ಕಿಗೆ ನೇರವಾಗಿ ಧಾವಿಸುತ್ತದೆ. ದಾರವನ್ನು ಸಡಿಲಬಿಟ್ಟೊಡನೆ ಕಡ್ಡಿ ಮತ್ತೆ ನೆಟ್ಟಗಾಗಿ ಪಟ ಚಪ್ಪಟೆಯಾಗುತ್ತದೆ, ಸ್ಥೈರ್ಯ ಕಳೆದುಕೊಂಡು ಸುತ್ತತೊಡಗುತ್ತದೆ. ಸುತ್ತುತ್ತಿರುವ ಮೂಗು ತನಗೆ ಬೇಕಾದ ಕಡೆಗೆ ತಿರುಗಿದ ನಿಮಿಷಾರ್ಧದಲ್ಲಿ ಜಾಣನು ಮತ್ತೆ ಎಳೆಯುತ್ತಾನೆ. ಎಡಕ್ಕೆ, ಬಲಕ್ಕೆ, ನೆಲದ ಕಡೆಗೂ ಸಹ, ಒಂದೇ ಎಳೆಯಿಂದ ನಡೆಸಬಹುದಾದ ಈ ವಾಹನದಲ್ಲಿ ಚುಕ್ಕಾಣಿಯೆಂಬುದೇ ಇಲ್ಲ. ಎಳೆಯುವುದಕ್ಕೆ ಖೀಂಚ್, ಬಿಡುವುದಕ್ಕೆ ಢೀಲ್ ಎಂದು ಈ ಊರುಗಳ ಹುಡುಗರು ಹೇಳುತ್ತಾರೆ. ಮನೆಯಲ್ಲಿ ಕನ್ನಡವಾಡಲಿ, ತೆಲುಗಾಡಲಿ, ಮಾಳಿಗೆ ಹತ್ತಿದೊಡನೆ ಎಲ್ಲರೂ ದಖ್ಖನಿ ಉರ್ದುವಿನವರೇ.

ಮಾಳಿಗೆಯ ಮಾತು ಬಂದಿತು; ಅದೇ ಎರಡನೆಯ ಕಾರಣ. ಮಲೆನಾಡಿನ ಅಥವಾ ಕರಾವಳಿಯ ಹೆಂಚಿನ ಇಳಿಜಾರು ಚಾವಣಿಯ ಮೇಲೆ ಬೆಕ್ಕಲ್ಲದೆ ಮತ್ತಾರೂ ನಡೆಯಲಾರರು. ಅಲ್ಲಿ ಪಟ ಹಾರಿಸುವವನು ಬಯಲಿಗೋ ಕಡಲದಂಡೆಗೋ ಹೋಗಲೇಬೇಕು. ತಾಂಡೂರಿನದು ಬೇರೆಯೇ ಸಂಗತಿ. ಅಲ್ಲಿಯ ಭೂಗರ್ಭದಲ್ಲಿ ಸುಣ್ಣಶಿಲೆಯು ಪದರುಪದರಾಗಿ ಮಲಗಿದೆ. ಗಣಿಯವರು ಉಳಿಯಿಟ್ಟು ಎಬ್ಬಿಸಿದರೆ ಹಾಳೆಹಾಳೆಯಾಗಿ ಏಳುತ್ತದೆ. ಶಹಾಬಾದಿನ ಕಲ್ಲಿನ ದಾಯಾದಿಯಾದ ಈ ಫರಸಿಯೇ ನೆಲಕ್ಕೆ, ಗೋಡೆಗೆ, ಎಷ್ಟೋ ಮನೆಗಳ ಮೇಲ್ಮುಚ್ಚಿಗೆಗೂ ಒದಗಿತು. ಇತ್ತ ಬೀದರ ಸೀಮೆಯ ಹಳ್ಳಿಗಳಲ್ಲಿ ತೊಲೆ ಜಂತಿಗಳ ಮೇಲೆ ಮಣ್ಣು ಬಡಿದು ಸಮತಟ್ಟು ಮಾಡಿದ ಮಾಳಿಗೆಗಳು. ಒಂದಕ್ಕೊಂದು ಆತುಕೊಂಡು ನಿಂತ ಈ ಸಪಾಟು ಮಾಳಿಗೆಗಳ ಊರಿನಲ್ಲಿ ಕೇರಿಗೆ ಕೇರಿಯೇ ಒಂದು ರಂಗಸ್ಥಳ. ಬೇಸಗೆಯಲ್ಲಿ ಹಾಸಿಗೆ ಹಾಸುವ, ಮೆಣಸಿನಕಾಯಿ ಒಣಗಿಸುವ ಅದೇ ಜಾಗದಲ್ಲಿ ಜನವರಿ ಬಂತೆಂದರೆ ದಾರ ಸುತ್ತಿದ ಚರಖಾ ಹಿಡಿದ ತಮ್ಮನೂ ದಾರ ಹಿಡಿದ ಅಣ್ಣನೂ ನಿಂತಿರುತ್ತಾರೆ. ಮೂರು ಮನೆಯಾಚೆ ಪ್ರತಿಸ್ಪರ್ಧಿ. ಎರಡು ದಾರಗಳು ತೊಡರಿಕೊಳ್ಳುವ ಪೇಚ್ ಎಂಬ ದ್ವಂದ್ವಯುದ್ಧವು ಹುಟ್ಟಬೇಕಾದರೆ ಹೀಗೆ ಎದುರಾಳಿಯ ಮುಖ ಕಾಣುವಷ್ಟು ಸಮೀಪ, ಕೈಗೆ ಸಿಕ್ಕದಷ್ಟು ದೂರವಿರಬೇಕು. ಕತ್ತರಿಸಿದವನ ಕಡೆಯಿಂದ ‘ಅಫಾ’ ಎಂಬ ದೀರ್ಘವಾದ ಕೂಗು ಏಳುತ್ತದೆ. ಹೈದರಾಬಾದಿನ ಹಳೆಯ ಪಟ್ಟಣದಲ್ಲಿಯೂ ಅದೇ ಕೂಗು.

ಆ ಪಟ್ಟಣದಿಂದಲೇ ಈ ಪೇಚಿನ ಆಟ ಬಂದದ್ದೆನ್ನುವುದರಲ್ಲಿ ನನಗೆ ಸಂದೇಹವಿಲ್ಲ. ಉತ್ತರ ಹಿಂದೂಸ್ಥಾನದ ದರಬಾರುಗಳಲ್ಲಿ ಪತಂಗಬಾಜಿ ಯಾವ ಅಂತಸ್ತನ್ನು ಪಡೆದಿತ್ತೆಂಬುದನ್ನು ಅಬ್ದುಲ್ ಹಲೀಮ್ ಶರರ್ ತಮ್ಮ ‘ಗುಜಿಶ್ತಾ ಲಖನೌ’ ಗ್ರಂಥದಲ್ಲಿ ಸವಿಸ್ತಾರವಾಗಿ ಬಣ್ಣಿಸಿದ್ದಾರೆ. ಶರರ್ ಸ್ವತಃ ಹೈದರಾಬಾದಿನಲ್ಲಿ ಕೆಲವು ಕಾಲ ಉದ್ಯೋಗದಲ್ಲಿದ್ದವರು. ಅವಧದ ನವಾಬ ಆಸಫ್ ಉದ್ದೌಲನ ಪತಂಗಕ್ಕೆ ಬೆಳ್ಳಿ ಬಂಗಾರದ ಕುಚ್ಚು ಕಟ್ಟುತ್ತಿದ್ದರೆಂದೂ, ಕತ್ತರಿಸಿ ಬಿದ್ದದ್ದನ್ನು ದೋಚಿದ ಬಡವನಿಗೆ ಅದರಿಂದ ಲಾಭವಾಗುತ್ತಿತ್ತೆಂದೂ ಅವರು ಹೇಳುತ್ತಾರೆ. ದಕ್ಷಿಣದಲ್ಲಿ ಆರನೆಯ ನಿಜಾಮ ಮಹಬೂಬ್ ಅಲಿ ಖಾನರಿಗೂ ಈ ವ್ಯಸನವಿತ್ತೆಂದು ಹೈದರಾಬಾದಿನ ಜನಶ್ರುತಿ. ಧೂಲ್‌ಪೇಟೆಯಲ್ಲಿ ನೆಲಸಿದ, ಉತ್ತರದಿಂದ ಬಂದ ಲೋಧ ಜನರು ಗಣೇಶನ ಮೂರ್ತಿಗಳನ್ನು ಮಾಡಿದ ಕೈಗಳಿಂದಲೇ ಪತಂಗಗಳನ್ನೂ ಮಾಡಿದರು. ಬಣ್ಣದ ಕಾಗದದ ತುಂಡುಗಳನ್ನು ಖಳಿಯಿಂದ, ಎಂದರೆ ಹಿಟ್ಟಿನ ಅಂಟಿನಿಂದ, ಜೋಡಿಸಿ ಆದ ಮಾದರಿಗಳಿಗೆ ಲಂಗೋಟ, ನಾಮ, ದುಲ್ಹನ್ ಮೊದಲಾದ ಹೆಸರುಗಳಿದ್ದುವು.

ಆ ಪತಂಗಗಳು ಈ ಊರುಗಳಿಗೆ ಬಂದ ದಾರಿ ಬಹುಶಃ ರೈಲಿನದು. ವಾಡಿಯಿಂದ ಸಿಕಂದರಾಬಾದಿಗೆ ೧೮೭೪ರಲ್ಲಿ ತೆರೆದ ರೈಲುಮಾರ್ಗ ತಾಂಡೂರಿನ ಮೇಲೆ ಹಾಯ್ದಿತು. ವಿಕಾರಾಬಾದಿನಿಂದ ಜಹೀರಾಬಾದಿನ ಮಾರ್ಗವಾಗಿ ಬೀದರಿಗೆ ಹೋಗುವ ಕವಲು ೧೯೩೦ರ ಸುಮಾರಿಗೆ ಬಂದಿತು. ಬೇಳೆಯೂ ಫರಸಿಯೂ ರಾಜಧಾನಿಗೆ ಹೋದ ದಾರಿಯಲ್ಲಿಯೇ ಬಣ್ಣಗಾಗದ, ಬಾಬಿನ್ ದಾರ, ಗಾಜಿನ ಹುಡಿ ಸವರಿದ ಮಾಂಜಾಗಳು ಹಿಂದಿರುಗಿ ಬಂದುವೆಂದು ಊಹಿಸುವುದು ಅಸಂಗತವಲ್ಲ. ನಾರಾಯಣಖೇಡಕ್ಕೆ ರೈಲು ಇಂದಿಗೂ ಬಂದಿಲ್ಲ. ಅಲ್ಲಿಗೆ ಹೋಗಬೇಕಾದ ಸರಕು ರಸ್ತೆಯನ್ನೇ ಹಿಡಿಯಬೇಕು. ಕನ್ನಡದ ದೃಷ್ಟಿಯಿಂದ ಒಂದು ಸಂಗತಿ ಇಲ್ಲಿ ಮನಸ್ಸನ್ನು ಹಿಡಿಯುತ್ತದೆ: ತಾಂಡೂರಿನ ಕಾಗಿಣಾ ಹರಿದುಹೋಗುವುದು ಮಳಖೇಡದ ಕಡೆಗೆ, ನೃಪತುಂಗನ ಮಾನ್ಯಖೇಟಕ್ಕೆ. ನದಿ ಪಡುವಲಿಗೆ ಕರೆದರೂ ಊರಿನ ವ್ಯಾಪಾರ ವಿನೋದಗಳು ಮೂಡಲಿಗೆ ನಡೆದುವು.

ಆದರೆ ಎಲ್ಲವನ್ನೂ ನವಾಬರ ಲೆಕ್ಕಕ್ಕೆ ಬರೆಯುವುದು ಅನ್ಯಾಯವಾದೀತು. ಪಂಢರಪುರದ ಸಂತ ನಾಮದೇವರ ಪದವೊಂದು ಸಿಖ್ಖರ ಆದಿಗ್ರಂಥದಲ್ಲಿ ಸೇರಿದೆ. ಆ ಗ್ರಂಥ ಸಂಕಲಿತವಾದದ್ದು ೧೬೦೪ರಲ್ಲಿ. ಹುಡುಗನೊಬ್ಬ ಕಾಗದ ತಂದು ಕತ್ತರಿಸಿ ಪಟ ಮಾಡಿ ಹಾರಿಸುತ್ತ, ಗೆಳೆಯರೊಡನೆ ಹರಟುತ್ತಿದ್ದರೂ ಚಿತ್ತವನ್ನು ದಾರದಲ್ಲಿಯೇ ಇಟ್ಟಿರುವುದನ್ನು ಅಲ್ಲಿ ಭಕ್ತನ ಏಕಾಗ್ರತೆಗೆ ದೃಷ್ಟಾಂತವಾಗಿ ಹೇಳಿದೆ. ಕಾಗದ, ಕತ್ತರಿ, ದಾರ, ಹರಟೆ: ಬೇಕಾದುದೆಲ್ಲ ಇದೆ, ನವಾಬನೊಬ್ಬನಿಲ್ಲ. ಬೀದರ ಸೀಮೆಯ ರೈತರ ಎಳ್ಳಮಾವಾಸ್ಯೆಯಲ್ಲಿಯೂ ಹಾಗೆಯೇ. ಮಾರ್ಗಶಿರದ ಅಮಾವಾಸ್ಯೆಯಂದು ಕುಟುಂಬವೆಲ್ಲ ಹೊಲಕ್ಕೆ ಹೋಗಿ, ಜೋಳದ ದಂಟಿನ ಗೂಡು ಕಟ್ಟಿ ಪೂಜಿಸಿ, ಚರಗ ಚೆಲ್ಲಿ, ಭಜ್ಜಿ, ಸಜ್ಜೆಯ ರೊಟ್ಟಿ, ಅಂಬಲಿಗಳನ್ನು ಉಂಡ ಮೇಲೆ ಮಕ್ಕಳು ಅಲ್ಲಿಯೇ ಪತಂಗ ಬಿಡುತ್ತಾರೆ. ಅಲ್ಲಿ ಪೇಚಿನ ಆವೇಶವಿಲ್ಲ, ಕತ್ತರಿಸಿಹೋದರೆ ಅಳುವೂ ಹೆಚ್ಚಿಲ್ಲ. ಸಂಕ್ರಾಂತಿಯ ಯುದ್ಧಕ್ಕೆ ಅದು ಪೀಠಿಕೆ.

ಯುದ್ಧದ ಆಯುಧವು ಮಾಂಜಾ. ಎರಡು ಕಂಬಗಳ ನಡುವೆ ನೂಲಿನ ದಾರವನ್ನು ಸಾಲುಸಾಲಾಗಿ ಎಳೆದು ಕಟ್ಟಿ, ಬೆಂದ ಅನ್ನದ ಮುದ್ದೆಯಲ್ಲಿ ಗಾಜಿನ ಹುಡಿ, ಅಂಟು, ಬಣ್ಣಗಳನ್ನು ಕಲಸಿ ಅಂಗೈಯಲ್ಲಿ ಹಿಡಿದು, ಅತ್ತಿಂದಿತ್ತ ನಡೆಯುತ್ತ ಸವರುವುದು ಇದರ ಸಂಪ್ರದಾಯ. ಬಿಸಿಲು ಬೇಕು, ಆತುರ ಕೂಡದು. ಬೆರಳಿಗೆ ಬಟ್ಟೆ ಸುತ್ತಿಕೊಂಡವನೂ ಸಾಯಂಕಾಲದ ಹೊತ್ತಿಗೆ ಗಾಯ ಮಾಡಿಕೊಂಡಿರುತ್ತಾನೆ. ನೈಲಾನಿನ ದಾರ ಅಂಗಡಿಗೆ ಬಂದ ಮೇಲೆ ಈ ಕೆಲಸ ಕ್ಷೀಣಿಸಿತು. ನೂಲಿನ ಮಾಂಜಾ ಮಳೆಗೆ ಕೊಳೆಯುತ್ತದೆ; ನೈಲಾನ್ ಮರದಲ್ಲಿ ಸಿಕ್ಕಿ ವರ್ಷಗಟ್ಟಲೆ ನಿಂತು ಹಕ್ಕಿಗಳ ರೆಕ್ಕೆಯನ್ನೂ ದ್ವಿಚಕ್ರವಾಹನದಲ್ಲಿ ಹೋಗುವವನ ಕೊರಳನ್ನೂ ಕೊಯ್ಯುತ್ತದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ೨೦೧೭ರ ಜುಲೈಯಲ್ಲಿ ಅದನ್ನು ದೇಶಾದ್ಯಂತ ನಿಷೇಧಿಸಿದೆ. ನಿಷೇಧವಿರುವುದು ಒಂದು, ಅಂಗಡಿಯಲ್ಲಿ ದೊರೆಯದಿರುವುದು ಮತ್ತೊಂದು. ನೈಲಾನಿನಿಂದ ಗೆದ್ದ ಪೇಚನ್ನು ಪೇಚೆಂದು ನಾನಂತೂ ಒಪ್ಪಲಾರೆ.

ಇನ್ನು ಸಂಗ್ರಹದ ವಿಷಯ. ಹಳೆಯ ಪತಂಗಬಾಜರ ಮನೆಗಳಲ್ಲಿ ಜೋಪಾನವಾಗಿ ಉಳಿಯುತ್ತಿದ್ದುದು ಚರಖಾ, ಪತಂಗವಲ್ಲ. ಕತ್ತರಿಸಿದ ಪಟವು ಹಿಡಿದವನ ಸ್ವತ್ತೆಂಬುದು ಈ ಆಟದ ಮೊದಲನೆಯ ಧರ್ಮಶಾಸ್ತ್ರ. ಬೆಳಿಗ್ಗೆ ಕೊಂಡ ಹತ್ತು ಪಟಗಳಲ್ಲಿ ಒಂದಾದರೂ ಸಂಜೆಗೆ ಉಳಿದರೆ ಅದು ಆಡದವನ ಲಕ್ಷಣ. ಈ ಕಾರಣದಿಂದಲೇ ಇಷ್ಟು ದೀರ್ಘವಾದ ಚರಿತ್ರೆಯುಳ್ಳ ವಸ್ತುವಿಗೆ ಹಳೆಯ ಮಾದರಿಗಳು ತೀರ ವಿರಳ. ಅಹಮದಾಬಾದಿನ ಭಾನುಭಾಯಿ ಶಾಹ ಎಂಬವರು ದಶಕಗಳ ಕಾಲ ಕೂಡಿಟ್ಟ ಪಟಗಳನ್ನು ಅಲ್ಲಿಯ ನಗರಸಭೆಗೆ ಒಪ್ಪಿಸಿ, ಲ ಕಾರ್ಬುಸಿಯೇ ರಚಿಸಿದ ಸಂಸ್ಕಾರ ಕೇಂದ್ರದ ಕಟ್ಟಡದಲ್ಲಿ ಅವು ಪ್ರದರ್ಶಿತವಾದಾಗ ಜನ ಬೆರಗಾದದ್ದು ಇದಕ್ಕಾಗಿಯೇ. ನಮ್ಮ ಕರಾವಳಿಯಲ್ಲಿ ಟೀಂ ಮಂಗಳೂರಿನ ಹವ್ಯಾಸಿಗಳು ಕಥಕಳಿ, ಯಕ್ಷಗಾನದ ವೇಷಗಳನ್ನು ಬೃಹತ್ ಪಟಗಳಾಗಿ ಹೊಲಿದು ಫ್ರಾನ್ಸಿನ ದಿಯೆಪ್ಪಿನವರೆಗೆ ಒಯ್ದಿದ್ದಾರೆ. ಅವು ಬಟ್ಟೆಯವು, ಬಾಳಿಕೆಯವು. ತೆಲಂಗಾಣ ಸರಕಾರವು ೨೦೧೬ರಲ್ಲಿ ಹೈದರಾಬಾದಿನಲ್ಲಿ ಆರಂಭಿಸಿದ ಅಂತಾರಾಷ್ಟ್ರೀಯ ಉತ್ಸವದಲ್ಲಿಯೂ ಪರದೇಶದವರ ಬಟ್ಟೆಯ ಪಟಗಳದ್ದೇ ವೈಭವ. ಎರಡೆಳೆಯ ಕ್ರೀಡಾಪಟಗಳನ್ನು ಎರಡು ಕೈಗಳಿಂದ ನಡೆಸುವ ಕೌಶಲವೂ ನೋಡತಕ್ಕದ್ದೇ, ಆದರೂ ಒಂದೇ ಎಳೆಯಿಂದ ಅಷ್ಟನ್ನೂ ಮಾಡುವ ಬಡಪತಂಗವನ್ನು ಬಲ್ಲವರಿಗೆ ಅದು ಅದ್ಭುತವೆನಿಸದು. ಬ್ರಿಟಿಷ್ ಸರಕಾರದ ೧೯೩೪ರ ವಿಮಾನ ಕಾಯಿದೆಯು ಗಾಳಿಪಟವನ್ನೂ ವಿಮಾನಗಳ ಸಾಲಿಗೇ ಸೇರಿಸಿತ್ತೆಂಬುದನ್ನು ತಿಳಿದರೆ ತಾಂಡೂರಿನ ಹುಡುಗರು ಹಿಗ್ಗಬಹುದು.

ಈಗ ಮನೆಯಲ್ಲಿ ಪತಂಗ ಕೂಡಿಡುವವರಿಗೆ ಕಾರಣವಿದೆ. ಸಿನಿಮಾ ನಟರ, ಮಂತ್ರಿಗಳ ಮುಖ ಮುದ್ರಿಸಿದ ಪ್ಲಾಸ್ಟಿಕ್ ಪಟಗಳು ಪೇಟೆಯನ್ನು ತುಂಬಿ, ತುಂಡುಗಾಗದ ಜೋಡಿಸಿದ ಲಂಗೋಟ ನಾಮಗಳು ಅಪರೂಪವಾಗಿವೆ. ಅಂತಹದೊಂದು ಕೈಗೆ ಬಂದರೆ ಗೋಡೆಗೆ ತೂಗುಹಾಕುವುದು ತಪ್ಪು. ಬಿಸಿಲು ಒಂದೇ ಬೇಸಗೆಯಲ್ಲಿ ಕೆಂಪನ್ನು ಬಿಳಿಚಿಸುತ್ತದೆ. ಚಪ್ಪಟೆಯಾಗಿ, ನಡುನಡುವೆ ಶುಭ್ರವಾದ ಕಾಗದವಿಟ್ಟು, ಮರದ ಪೆಟ್ಟಿಗೆಯಲ್ಲಿ ಮಲಗಿಸಬೇಕು; ಅಡ್ಡಕಡ್ಡಿಯ ಬಿಗಿಯನ್ನು ಸಾಧ್ಯವಾದಷ್ಟು ಸಡಿಲಿಸಬೇಕು. ಹುಳುಗಳಿಗೆ ಪ್ರಿಯವಾದುದು ಕಾಗದಕ್ಕಿಂತ ಖಳಿಯೇ ಆದ್ದರಿಂದ ದುರಸ್ತಿ ಮಾಡುವಾಗ ಪುಸ್ತಕ ಕಟ್ಟುವವರಂತೆ ಖಳಿಗೆ ಚಿಟಿಕೆ ಮೈಲುತುತ್ತ ಬೆರೆಸಿ, ಆ ಬಟ್ಟಲನ್ನು ಮಕ್ಕಳ ಕೈಗೆ ಸಿಗದಂತೆ ಎತ್ತಿಡುವುದು. ಹುಳು ಬಾರದಂತೆ ಪೆಟ್ಟಿಗೆಯಲ್ಲಿ ಬೇವಿನೆಲೆಯಿಟ್ಟು ಅದನ್ನು ಪ್ರತಿ ಋತುವಿಗೂ ಬದಲಾಯಿಸಬೇಕು. ಪಟಕ್ಕೆ ಕಟ್ಟಿದ ಹಳೆಯ ಸೂತ್ರದಾರವಿದ್ದರೆ ಬಿಚ್ಚಬಾರದು, ಅದರ ಗಂಟಿನ ಅಳತೆಯಲ್ಲಿಯೇ ಹಾರಿಸಿದವನ ಊರಿನ ಗಾಳಿಯ ಲೆಕ್ಕವಿರುತ್ತದೆ. ಯಾರು ಮಾಡಿದ್ದು, ಯಾವ ಪೇಟೆಯಲ್ಲಿ ಕೊಂಡದ್ದು, ಯಾವ ಸಂಕ್ರಾಂತಿ ಎಂಬಿಷ್ಟನ್ನು ಮೂಲೆಯಲ್ಲಿ ಬರೆದಿಡತಕ್ಕದ್ದು. ಅದನ್ನು ಸೀಸದ ಕಡ್ಡಿಯಿಂದಲೇ, ಒತ್ತದೆ ಬರೆಯಬೇಕು. ಆ ಕಾಗದದ ಮೇಲೆ ಶಾಯಿ ನಿಲ್ಲದೆ ಹರಡುತ್ತದೆ.