ಪಾಸ್‌ಪೋರ್ಟ್: ಗುಮಾಸ್ತರ ಕೈಬರಹದಿಂದ ಚಿಪ್‌ವರೆಗೆ

ಈಗ ಸ್ಪೀಡ್ ಪೋಸ್ಟ್‌ನಲ್ಲಿ ಮನೆಗೆ ಬರುವ ಹೊಸ ಪಾಸ್‌ಪೋರ್ಟನ್ನು ಹಳೆಯದರ ಪಕ್ಕ ಇಟ್ಟು ನೋಡಿ. ಅದೇ ಕಡುನೀಲಿ ರಟ್ಟು, ಅದೇ ಸಿಂಹಲಾಂಛನ. ಹೊರಗಿನಿಂದ ಎದ್ದು ಕಾಣುವ ವ್ಯತ್ಯಾಸವೆಂದರೆ ಮುಖಪುಟದ ಕೆಳಗಿರುವ ಚಿನ್ನದ ಬಣ್ಣದ ಒಂದು ಪುಟ್ಟ ಗುರುತು: ಅಡ್ಡಗೆರೆ ಹಾಯ್ದ ಆಯತ, ಅದರ ನಡುವೆ ಒಂದು ವೃತ್ತ. ರಟ್ಟಿನೊಳಗೆ ಒಂದು ಚಿಪ್ ಮತ್ತು ಸಣ್ಣ ಆಂಟೆನಾ ಇದೆ ಎಂದು ಈ ಗುರುತು ಹೇಳುತ್ತದೆ. ಇ-ಪಾಸ್‌ಪೋರ್ಟ್ ಎಂದರೆ ಇದೇ.

ಚಿಪ್ ಬಂದದ್ದು ದೊಡ್ಡ ಸುದ್ದಿಯಾಯಿತು. ಆಗಬೇಕಾದದ್ದೇ. ಆದರೆ ನಮ್ಮ ಪಾಸ್‌ಪೋರ್ಟ್‌ನ ನೂರು ವರ್ಷಗಳ ಹಾದಿಯನ್ನು ನೋಡಿದರೆ, ಪುಸ್ತಕದೊಳಗೆ ಚಿಪ್ ಬಂದದ್ದು ಎಲ್ಲಕ್ಕಿಂತ ಕೊನೆಗೆ. ಅದಕ್ಕೂ ಮೊದಲು ಕಾನೂನು ಬದಲಾಯಿತು, ಆಮೇಲೆ ಕೌಂಟರ್ ಬದಲಾಯಿತು. ಸಾಮಾನ್ಯ ಜನರ ಬದುಕಿಗೆ ತಟ್ಟಿದ್ದು ಆ ಎರಡು ಬದಲಾವಣೆಗಳು.

ಮೊದಲ ಮಹಾಯುದ್ಧದವರೆಗೆ ಭಾರತದಿಂದ ಹಡಗು ಹತ್ತುವವರಿಗೆ ಪಾಸ್‌ಪೋರ್ಟ್ ಕಡ್ಡಾಯವಾಗಿರಲಿಲ್ಲ. ಯುದ್ಧಕಾಲದ ಭಾರತ ರಕ್ಷಣಾ ಕಾಯ್ದೆಯಡಿ ನಿಯಮ ಬಂತು. ಯುದ್ಧ ಮುಗಿದರೂ ನಿಯಮ ಹೋಗಲಿಲ್ಲ. ದೇಶದೊಳಗೆ ಬರುವವರಿಗೆ ಪಾಸ್‌ಪೋರ್ಟ್ ಬೇಕೆನ್ನುವ ಕಾಯ್ದೆ 1920ರಲ್ಲಿ ಜಾರಿಯಾಯಿತು. ಆ ವಸಾಹತು ಕಾಲದ ಕಾಯ್ದೆ ಸ್ವಾತಂತ್ರ್ಯದ ನಂತರವೂ ಮುಂದುವರಿದು, ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ 2025ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದಾಗಲಷ್ಟೇ ರದ್ದಾಯಿತು. ಅದೇ 1920ರಲ್ಲಿ ರಾಷ್ಟ್ರಸಂಘ ಪ್ಯಾರಿಸ್‌ನಲ್ಲಿ ಸಮ್ಮೇಳನ ಕರೆದು, ಬಿಡಿ ಹಾಳೆಯ ಬದಲು ಪುಸ್ತಕದ ರೂಪದ ಪಾಸ್‌ಪೋರ್ಟ್ ಇರಲಿ ಎಂದು ಶಿಫಾರಸು ಮಾಡಿತ್ತು. ಇವತ್ತಿಗೂ ನಾವು ಜೇಬಿನಲ್ಲಿ ಇಟ್ಟುಕೊಳ್ಳುವುದು ಅದೇ ಆಕಾರವನ್ನು.

ದೇಶದೊಳಗೆ ಬರುವವರಿಗೆ ಕಾಯ್ದೆ ಇದ್ದರೂ, ಹೊರಹೋಗುವ ಭಾರತೀಯರಿಗೆ ಪಾಸ್‌ಪೋರ್ಟ್ ಕೊಡುವ ಬಗ್ಗೆ ಸ್ವಾತಂತ್ರ್ಯ ಬಂದು ಎರಡು ದಶಕವಾದರೂ ಕಾನೂನೇ ಇರಲಿಲ್ಲ. ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಎಲ್ಲ ಸರ್ಕಾರದ ಮರ್ಜಿ. ಇದನ್ನು ಪ್ರಶ್ನಿಸಿದವರು ಸತ್ವಂತ್ ಸಿಂಗ್ ಸಾಹ್ನಿ ಎಂಬ ಉದ್ಯಮಿ. ಪಾಸ್‌ಪೋರ್ಟ್ ಹಿಂದಿರುಗಿಸುವಂತೆ ಅಧಿಕಾರಿಗಳು ಹೇಳಿದಾಗ ಅವರು ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. 1967ರ ಏಪ್ರಿಲ್ 10ರಂದು ಮುಖ್ಯ ನ್ಯಾಯಮೂರ್ತಿ ಕೆ. ಸುಬ್ಬರಾವ್ ನೇತೃತ್ವದ ಪೀಠ ಮೂರಕ್ಕೆ ಎರಡರ ಬಹುಮತದಿಂದ ತೀರ್ಪು ಕೊಟ್ಟಿತು: ವಿದೇಶಕ್ಕೆ ಹೋಗುವುದು ಸಂವಿಧಾನದ 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದ ಭಾಗ, ಕಾನೂನಿನ ಆಧಾರವಿಲ್ಲದೆ ಅದನ್ನು ಕಿತ್ತುಕೊಳ್ಳುವಂತಿಲ್ಲ. ಸರ್ಕಾರ ಮೊದಲು ಸುಗ್ರೀವಾಜ್ಞೆ ತಂದು, ಜೂನ್ 24ರಂದು ಪಾಸ್‌ಪೋರ್ಟ್ ಕಾಯ್ದೆ ಜಾರಿಗೊಳಿಸಿತು. ವಿದೇಶಾಂಗ ಸಚಿವಾಲಯ ಪ್ರತಿವರ್ಷ ಪಾಸ್‌ಪೋರ್ಟ್ ಸೇವಾ ದಿನ ಆಚರಿಸುವುದು ಆ ದಿನವೇ. ಒಬ್ಬ ನಾಗರಿಕ ಕೋರ್ಟಿಗೆ ಹೋಗಿರದಿದ್ದರೆ ಆ ಕಾಯ್ದೆಗೆ ಇನ್ನೆಷ್ಟು ವರ್ಷ ಕಾಯಬೇಕಿತ್ತೋ. ಅಂಥ ದಿನದಂದು ಸಾಹ್ನಿಯವರ ಹೆಸರನ್ನೂ ನೆನೆಯಬೇಕು.

ಹತ್ತು ವರ್ಷದ ನಂತರ ಅದೇ ಕಾಯ್ದೆಯೇ ಪರೀಕ್ಷೆಗೆ ಒಳಗಾಯಿತು. 1977ರ ಜುಲೈನಲ್ಲಿ ಮೇನಕಾ ಗಾಂಧಿಯವರ ಪಾಸ್‌ಪೋರ್ಟನ್ನು ‘ಸಾರ್ವಜನಿಕ ಹಿತ’ದ ಹೆಸರಿನಲ್ಲಿ ಮುಟ್ಟುಗೋಲು ಹಾಕಿಕೊಂಡ ಸರ್ಕಾರ ಕಾರಣ ತಿಳಿಸಲು ಒಪ್ಪಲಿಲ್ಲ. 1978ರ ಜನವರಿ 25ರ ತೀರ್ಪಿನಲ್ಲಿ ಏಳು ನ್ಯಾಯಮೂರ್ತಿಗಳ ಪೀಠ, ಕಾನೂನು ಇದ್ದರೆ ಸಾಲದು, ಅದು ಹಾಕಿಕೊಟ್ಟ ಕ್ರಮ ನ್ಯಾಯಯುತವೂ ಆಗಿರಬೇಕು ಎಂದಿತು. ನಮ್ಮ ಸಂವಿಧಾನ ಪಾಠಗಳಲ್ಲಿ ಇಂದಿಗೂ ಮೊದಲ ಸಾಲಿನಲ್ಲಿ ನಿಲ್ಲುವ ಈ ತೀರ್ಪು ಹುಟ್ಟಿದ್ದು ಒಂದು ಪಾಸ್‌ಪೋರ್ಟ್‌ನಿಂದ.

ಇಷ್ಟಾದರೂ ಪುಸ್ತಕ ಮಾತ್ರ ಹಳೆಯದೇ ಆಗಿತ್ತು. ಗುಮಾಸ್ತರು ಪೆನ್ನಿನಲ್ಲಿ ಹೆಸರು, ಊರು ಬರೆದು, ಫೋಟೊ ಅಂಟಿಸಿ, ಮೊಹರು ಒತ್ತಿ ಕೊಡುತ್ತಿದ್ದರು. ಫೋಟೊ ಕಿತ್ತು ಬೇರೊಬ್ಬರದನ್ನು ಅಂಟಿಸುವುದು ಕಳ್ಳದಾರಿಯವರಿಗೆ ಕಷ್ಟದ ಕೆಲಸವಾಗಿರಲಿಲ್ಲ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಅಂದರೆ ಐಸಿಎಒ, 1980ರಲ್ಲಿ 9303 ಸಂಖ್ಯೆಯ ದಾಖಲೆ ಹೊರಡಿಸಿ ಯಂತ್ರ ಓದಬಲ್ಲ ಪಾಸ್‌ಪೋರ್ಟ್‌ಗೆ ಅಳತೆಗೋಲು ಹಾಕಿಕೊಟ್ಟಿತು. ಭಾರತ 2001ರಿಂದ ಅಂಥ ಪಾಸ್‌ಪೋರ್ಟ್ ಕೊಡತೊಡಗಿತು. ಕೈಬರಹದವು ಜಗತ್ತಿನಾದ್ಯಂತ 2015ರ ನವೆಂಬರ್ 24ರ ನಂತರ ನಡೆಯುವುದಿಲ್ಲ ಎಂದು ಗಡುವು ಬಿದ್ದಾಗ, ಇಪ್ಪತ್ತು ವರ್ಷದ ಅವಧಿಗೆ ಪಡೆದಿದ್ದವರು ಅವಧಿ ಉಳಿದಿದ್ದರೂ ಬದಲಾಯಿಸಬೇಕಾಯಿತು.

ಯಂತ್ರ ಓದುವುದು ಫೋಟೊ ಇರುವ ಪುಟದ ಕೆಳಗಿನ ಎರಡು ಸಾಲುಗಳನ್ನು. ಒಂದೊಂದರಲ್ಲೂ 44 ಅಕ್ಷರ. ಬಾಣದ ಮೊನೆಯಂಥ ಚಿಹ್ನೆಗಳು ಖಾಲಿ ಜಾಗ ತುಂಬುತ್ತವೆ. ಎರಡನೇ ಸಾಲಿನಲ್ಲಿ ಹುಟ್ಟಿದ ದಿನ ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಆರು ಅಂಕಿಯಾಗಿರುತ್ತದೆ, ಅದರ ಬೆನ್ನಿಗೇ ಒಂದು ತಾಳೆ ಅಂಕಿ. 1947ರ ಆಗಸ್ಟ್ 15ರಂದು ಹುಟ್ಟಿದವರು ಎಂದುಕೊಳ್ಳಿ: 470815. ಈ ಅಂಕಿಗಳನ್ನು ಕ್ರಮವಾಗಿ 7, 3, 1, ಮತ್ತೆ 7, 3, 1ರಿಂದ ಗುಣಿಸಿ ಕೂಡಿದರೆ 28, 21, 0, 56, 3, 5 ಸೇರಿ 113. ಹತ್ತರಿಂದ ಭಾಗಿಸಿದಾಗ ಉಳಿಯುವ 3 ತಾಳೆ ಅಂಕಿ. ಯಾರೋ ಕಣ್ತಪ್ಪಿನಿಂದ 47ನ್ನು 74 ಎಂದು ಒತ್ತಿದರೆ ಮೊತ್ತ 125 ಆಗಿ ಉಳಿಕೆ 5 ಬರುತ್ತದೆ, ಯಂತ್ರ ಅಲ್ಲೇ ತಡೆಯುತ್ತದೆ. ಕಾಗದ, ಪೆನ್ಸಿಲ್ ಇದ್ದರೆ ನಿಮ್ಮ ಪಾಸ್‌ಪೋರ್ಟ್‌ನಲ್ಲೇ ಇದನ್ನು ಮಾಡಿ ನೋಡಬಹುದು.

ಈ ಎರಡು ಸಾಲು ನಮ್ಮವರಿಗೆ ತಂದ ತೊಡಕು ಹೆಸರಿನದು. ಜಾಗತಿಕ ನಮೂನೆ ಮನೆತನದ ಹೆಸರು ಮತ್ತು ಸ್ವಂತ ಹೆಸರು ಎಂದು ಎರಡು ಭಾಗ ಮಾಡಿಕೊಂಡಿದೆ. ಉತ್ತರ ಕರ್ನಾಟಕದ ಪಾಟೀಲ, ಕುಲಕರ್ಣಿಯವರಿಗೆ ಅದು ಸುಲಭ. ಹಳೆ ಮೈಸೂರಿನ ಕಡೆ ಊರಿಗೊಂದು, ಅಪ್ಪನಿಗೊಂದು ಇನಿಷಿಯಲ್ ಇಟ್ಟುಕೊಂಡವರು ಏನು ಬರೆಯಬೇಕು? ಪಾಸ್‌ಪೋರ್ಟ್‌ಗೆ ಇನಿಷಿಯಲ್ ಬಿಡಿಸಿಯೇ ಬರೆಯಬೇಕು. ಹಾಗೆ ಬಿಡಿಸಿದಾಗ ಊರೋ ಅಪ್ಪನ ಹೆಸರೋ ಮನೆತನದ ಹೆಸರಿನ ಕಲಂಗೆ ಹೋಗಿ ಕೂರುತ್ತದೆ. ಕಲಂ ಖಾಲಿ ಬಿಟ್ಟವರಿಗೆ 2022ರ ನವೆಂಬರ್‌ನಲ್ಲಿ ಪೆಟ್ಟು ಬಿತ್ತು. ಒಂದೇ ಹೆಸರಿರುವ ಪಾಸ್‌ಪೋರ್ಟ್‌ಗೆ ಭೇಟಿ ವೀಸಾ ಮೇಲೆ ಪ್ರವೇಶ ಇಲ್ಲ ಎಂದು ಯುಎಇ ಹೇಳಿತು. ಕೊನೆಯ ಪುಟದಲ್ಲಿ ತಂದೆಯ ಹೆಸರಿದ್ದರೆ ಸಾಕು ಎಂಬ ವಿವರಣೆ ಆಮೇಲೆ ಬಂತು. ಕರಾವಳಿಯ ಎಷ್ಟೋ ಕುಟುಂಬಗಳಿಗೆ ಕೊಲ್ಲಿ ದೇಶಗಳೇ ಅನ್ನದ ದಾರಿ. ಅಂಥವರಿಗೆ ಇದು ಸಣ್ಣ ವಿಷಯವಲ್ಲ.

ಆ ಕೊನೆಯ ಪುಟವನ್ನೇ ತೆಗೆಯಲು 2018ರ ಜನವರಿಯಲ್ಲಿ ಸರ್ಕಾರ ಹೊರಟಿತ್ತು. ಜೊತೆಗೆ, ಹತ್ತನೇ ತರಗತಿ ಪಾಸಾಗದೆ ‘ವಲಸೆ ತಪಾಸಣೆ ಅಗತ್ಯ’ ಎಂಬ ವರ್ಗಕ್ಕೆ ಸೇರುವವರಿಗೆ ಕಿತ್ತಳೆ ಬಣ್ಣದ ಪಾಸ್‌ಪೋರ್ಟ್ ಕೊಡುವ ಯೋಚನೆಯೂ ಇತ್ತು. ಓದದೆ ಕೂಲಿಗೆ ಹೊರಟವರನ್ನು ವಿಮಾನ ನಿಲ್ದಾಣದಲ್ಲಿ ಬಣ್ಣದಿಂದಲೇ ಬೇರೆ ಮಾಡುವ ಆಲೋಚನೆ ಅದು. ವಿರೋಧ ಬಂದು, ಅದೇ ತಿಂಗಳ ಕೊನೆಗೆ ಎರಡನ್ನೂ ಕೈಬಿಟ್ಟಿದ್ದು ಒಳ್ಳೆಯದೇ ಆಯಿತು.

ಇನ್ನು ಕೌಂಟರಿನ ಮಾತು. ಪಾಸ್‌ಪೋರ್ಟ್ ಎಂದರೆ ಏಜೆಂಟರು, ತಿಂಗಳುಗಟ್ಟಲೆ ಅಲೆದಾಟ, ಕೋರಮಂಗಲದ ಕಚೇರಿ ಮುಂದೆ ಬೆಳಗ್ಗಿನಿಂದ ಸರದಿ ಎಂಬ ಕಾಲವನ್ನು ಕಂಡವರು ಬೆಂಗಳೂರಿನಲ್ಲಿ ಇನ್ನೂ ಇದ್ದಾರೆ. 2008ರಲ್ಲಿ ಟಿಸಿಎಸ್ ಸಂಸ್ಥೆಗೆ ಪಾಸ್‌ಪೋರ್ಟ್ ಸೇವಾ ಯೋಜನೆಯ ಗುತ್ತಿಗೆ ಸಿಕ್ಕಿತು. 2010ರಲ್ಲಿ ಪ್ರಯೋಗ ಶುರುವಾದ ವಲಯಗಳು ಎರಡೇ, ಬೆಂಗಳೂರು ಮತ್ತು ಚಂಡೀಗಢ. ಲಾಲ್‌ಬಾಗ್ ರಸ್ತೆ, ಮಾರತಹಳ್ಳಿ, ಹುಬ್ಬಳ್ಳಿ, ಮಂಗಳೂರುಗಳಲ್ಲಿ ಸೇವಾ ಕೇಂದ್ರಗಳು ತೆರೆದವು. ಟೋಕನ್ ಹಿಡಿದು ಎ, ಬಿ, ಸಿ ಎಂಬ ಮೂರು ಹಂತ ದಾಟುವ ಪದ್ಧತಿ ಬಂತು. ಎ ಕೌಂಟರಿನಲ್ಲಿ ಕಂಪನಿಯ ಸಿಬ್ಬಂದಿ ದಾಖಲೆ ಸ್ಕ್ಯಾನ್ ಮಾಡಿ, ಫೋಟೊ ತೆಗೆದು, ಎರಡೂ ಕೈಯ ಬೆರಳಚ್ಚು ಪಡೆಯುತ್ತಾರೆ. ಬಿಯಲ್ಲಿ ಸರ್ಕಾರಿ ಅಧಿಕಾರಿ ಪರಿಶೀಲಿಸುತ್ತಾರೆ, ಸಿಯಲ್ಲಿ ಮಂಜೂರಾತಿ. ಇಲ್ಲೊಂದು ಅಂಶ ಗಮನಿಸಬೇಕು. ಭಾರತದ ಪಾಸ್‌ಪೋರ್ಟ್‌ಗೆ ಬಯೊಮೆಟ್ರಿಕ್ ಬಂದದ್ದು ಚಿಪ್ ಜೊತೆಯಲ್ಲಲ್ಲ. ಚಿಪ್ ಕಾಣುವ ಎಷ್ಟೋ ವರ್ಷ ಮೊದಲೇ ನಮ್ಮ ಬೆರಳ ಗುರುತು ಎ ಕೌಂಟರಿನಲ್ಲಿ ಸರ್ಕಾರದ ವಶಕ್ಕೆ ಹೋಗಿತ್ತು.

2017ರ ಜನವರಿ 25ರಂದು ಮೈಸೂರು ಮತ್ತು ಗುಜರಾತಿನ ದಾಹೋದ್‌ನಲ್ಲಿ ಅಂಚೆ ಕಚೇರಿಯ ಪಾಸ್‌ಪೋರ್ಟ್ ಕೇಂದ್ರಗಳು ಪ್ರಯೋಗವಾಗಿ ಆರಂಭಗೊಂಡವು. ಇಂದು ದೇಶದಲ್ಲಿ ಅಂಥವು ಸುಮಾರು 450 ಇವೆ. ಪೊಲೀಸ್ ಪರಿಶೀಲನೆಯೂ ಕಾಗದ ಬಿಟ್ಟು ಟ್ಯಾಬ್‌ಗೆ ಬಂದಿದೆ. ಈ ಕ್ಷೇತ್ರದ ಅತಿ ದೊಡ್ಡ ಸಾಧನೆ ಯಾವುದು ಎಂದು ಕೇಳಿದರೆ ನಾನು ಚಿಪ್ ಎನ್ನುವುದಿಲ್ಲ, ಜಿಲ್ಲೆಯ ಅಂಚೆ ಕಚೇರಿಯ ಈ ಕೌಂಟರ್ ಎನ್ನುತ್ತೇನೆ.

ಚಿಪ್‌ನ ಕಥೆ ಬೇರೆ ಕಡೆ ಶುರುವಾಯಿತು. 1998ರಲ್ಲಿ ಮಲೇಷ್ಯಾ ಮೊದಲ ಬಯೊಮೆಟ್ರಿಕ್ ಪಾಸ್‌ಪೋರ್ಟ್ ತಂದಿತು. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅಮೆರಿಕ, ವೀಸಾ ಇಲ್ಲದೆ ತನ್ನಲ್ಲಿಗೆ ಬರುವ ದೇಶಗಳ ಜನರಿಗೆ ಬಯೊಮೆಟ್ರಿಕ್ ಪಾಸ್‌ಪೋರ್ಟ್ ಬೇಕೆಂದು ಕಾನೂನು ಮಾಡಿತು. 2003ರಲ್ಲಿ ಐಸಿಎಒ ಮುಖಚಹರೆಯನ್ನೇ ಮುಖ್ಯ ಗುರುತಾಗಿ ಆರಿಸಿತು. ಬೆರಳಚ್ಚು, ಕಣ್ಣಿನ ಪಾಪೆಯನ್ನು ಸೇರಿಸುವುದು ಬಿಡುವುದು ಆಯಾ ದೇಶಕ್ಕೆ ಬಿಟ್ಟದ್ದು.

ಚಿಪ್ ಕೆಲಸ ಮಾಡುವ ಬಗೆ ಸೊಗಸಾಗಿದೆ. ಅದಕ್ಕೆ ಬ್ಯಾಟರಿ ಇಲ್ಲ. ಓದುವ ಯಂತ್ರವನ್ನು ಕೆಲವೇ ಸೆಂಟಿಮೀಟರ್ ಹತ್ತಿರ ತಂದಾಗ ಅದರಿಂದಲೇ ಶಕ್ತಿ ಪಡೆದು ಎಚ್ಚರಗೊಳ್ಳುತ್ತದೆ. ಹಾಗೆಂದು ಯಾರು ಕೇಳಿದರೂ ಮಾಹಿತಿ ಬಿಡುವುದಿಲ್ಲ. ಮೊದಲು ಪುಟ ತೆರೆದು ಆ ಎರಡು ಸಾಲನ್ನು ಓದಿಸಬೇಕು. ಪಾಸ್‌ಪೋರ್ಟ್ ಸಂಖ್ಯೆ, ಹುಟ್ಟಿದ ದಿನ, ಅವಧಿ ಮುಗಿಯುವ ದಿನ ಸೇರಿ ಬೀಗದ ಕೈ ತಯಾರಾಗುತ್ತದೆ, ಆಗಷ್ಟೇ ಚಿಪ್ ಮಾತಿಗೆ ಸಿದ್ಧ. ಆದ್ದರಿಂದ ಬಸ್ಸಿನಲ್ಲಿ ಪಕ್ಕದಲ್ಲಿ ನಿಂತವರು ಚೀಲದೊಳಗಿನ ಪಾಸ್‌ಪೋರ್ಟ್ ಓದಿಬಿಡುತ್ತಾರೆ ಎಂಬ ಭಯಕ್ಕೆ ಹೆಚ್ಚು ಆಧಾರವಿಲ್ಲ. ಎರಡನೆಯದು ಇನ್ನೂ ಮುಖ್ಯ. ಒಳಗಿನ ಮಾಹಿತಿಗೆ ಪಾಸ್‌ಪೋರ್ಟ್ ಕೊಟ್ಟ ದೇಶ ತನ್ನ ಗುಪ್ತ ಕೀಲಿಯಿಂದ ಡಿಜಿಟಲ್ ಸಹಿ ಹಾಕಿರುತ್ತದೆ. ಫೋಟೊದ ಒಂದು ಚುಕ್ಕೆ ತಿದ್ದಿದರೂ ಸಹಿ ತಾಳೆಯಾಗದು. ಫ್ರಾಂಕ್‌ಫರ್ಟ್‌ನಲ್ಲಿ ಕೂತ ಅಧಿಕಾರಿ ದೆಹಲಿಗೆ ಫೋನ್ ಮಾಡದೆಯೇ ಪುಸ್ತಕ ಸಾಚಾ ಎಂದು ಹೇಳಬಲ್ಲ.

ಭಾರತ ಇದನ್ನು ಬೇಗನೆ ಮುಟ್ಟಿತ್ತು. 2008ರ ಜೂನ್‌ನಲ್ಲಿ ಆಗಿನ ರಾಷ್ಟ್ರಪತಿ ಪ್ರತಿಭಾ ಪಾಟೀಲ್ ಅವರಿಗೆ ದೇಶದ ಮೊದಲ ಇ-ಪಾಸ್‌ಪೋರ್ಟ್ ಕೊಡಲಾಯಿತು. ನಾಸಿಕ್‌ನ ಇಂಡಿಯಾ ಸೆಕ್ಯುರಿಟಿ ಪ್ರೆಸ್, ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆ ಎನ್‌ಐಸಿ, ಕಾನ್ಪುರದ ಐಐಟಿ ಸೇರಿ ರೂಪಿಸಿದ ಯೋಜನೆ. ಸುಮಾರು 20 ಸಾವಿರ ರಾಜತಾಂತ್ರಿಕ ಮತ್ತು ಅಧಿಕೃತ ಪಾಸ್‌ಪೋರ್ಟ್‌ಗಳ ನಂತರ ಜನಸಾಮಾನ್ಯರ ಸರದಿ ಬರಲೇ ಇಲ್ಲ. ಬಾಂಗ್ಲಾದೇಶ 2020ರಲ್ಲಿ, ನೇಪಾಳ 2021ರಲ್ಲಿ ತಮ್ಮ ಪ್ರಜೆಗಳಿಗೆ ಕೊಡಲು ಶುರು ಮಾಡಿದವು. ನಮ್ಮಲ್ಲಿ 2022ರ ಬಜೆಟ್‌ನಲ್ಲಿ ಘೋಷಣೆಯಾಗಿ, 2024ರ ಏಪ್ರಿಲ್‌ನಲ್ಲಿ ನಾಗಪುರ, ಭುವನೇಶ್ವರಗಳಲ್ಲಿ ಪ್ರಯೋಗ ನಡೆದು, 2025ರಲ್ಲಿ ದೇಶಕ್ಕೆಲ್ಲ ಹರಡಿತು. ಹದಿನಾರು ವರ್ಷದ ಈ ವಿಳಂಬಕ್ಕೆ ಸಮರ್ಥನೆ ಕಾಣುವುದಿಲ್ಲ.

ಚಿಪ್‌ನಿಂದ ಏನಾಗುವುದಿಲ್ಲ ಎಂಬುದೂ ಗೊತ್ತಿರಲಿ. ಅದು ಬಂದ ಮಾತ್ರಕ್ಕೆ ವೀಸಾ ಸುಲಭವಾಗದು, ಅದು ದೇಶ ದೇಶಗಳ ನಡುವಿನ ವ್ಯವಹಾರ. ಇನ್ನೊಂದು ಮಿತಿ ಇನ್ನೂ ಆಳದ್ದು. ಪುಸ್ತಕ ಅಸಲಿ ಎಂದು ಚಿಪ್ ಸಾಬೀತು ಮಾಡುತ್ತದೆ, ಪುಸ್ತಕ ಪಡೆಯಲು ಕೊಟ್ಟ ಕಾಗದ ಅಸಲಿ ಎಂದಲ್ಲ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿನ ಮೇಲೆ ಜೂನ್ 1 ಎಂದು ಬರೆಸಿದ ಹುಟ್ಟುದಿನ ಹೊತ್ತ ಹಿರಿಯರು ನಮ್ಮಲ್ಲಿ ಪ್ರತಿ ಊರಲ್ಲೂ ಇದ್ದಾರೆ. ಆ ಅಂದಾಜಿಗೂ ಈಗ ಅಷ್ಟೇ ಬಲವಾದ ಡಿಜಿಟಲ್ ಸಹಿ ಬೀಳುತ್ತದೆ. 2023ರ ಅಕ್ಟೋಬರ್ 1ರಂದು ಮತ್ತು ಆಮೇಲೆ ಹುಟ್ಟಿದವರಿಗೆ ಜನನ ಪ್ರಮಾಣಪತ್ರವೊಂದೇ ಪುರಾವೆ ಎಂಬ 2025ರ ತಿದ್ದುಪಡಿ ಸರಿಯಾದ ಹೆಜ್ಜೆ. ಅದರ ಜೊತೆಗೆ ಹಳ್ಳಿಯ ನೋಂದಣಿಯೂ ಸಕಾಲಕ್ಕೆ, ಕಾಗುಣಿತ ತಪ್ಪಿಲ್ಲದೆ ಆಗಬೇಕು.

ಎ ಕೌಂಟರಿನ ಬೆರಳಚ್ಚು ಖಾಸಗಿತನದ ಪ್ರಶ್ನೆಯೂ ಹೌದು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್ ಸಾರಿದ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಸಾಹ್ನಿ, ಮೇನಕಾ ಗಾಂಧಿ ತೀರ್ಪುಗಳು ಎತ್ತಿಹಿಡಿದ 21ನೇ ವಿಧಿಯ ಮೇಲೇ ಈ ತೀರ್ಪೂ ನಿಂತಿದೆ. ನೆದರ್‌ಲೆಂಡ್ಸ್ 2011ರಲ್ಲಿ ಪಾಸ್‌ಪೋರ್ಟ್‌ಗೆಂದು ಪಡೆದ ಬೆರಳಚ್ಚುಗಳನ್ನು ಒಂದೆಡೆ ಕೂಡಿಡುವ ಯೋಜನೆ ಕೈಬಿಟ್ಟಿತು. ಎ ಕೌಂಟರಿನಲ್ಲಿ ಕೊಟ್ಟ ಬೆರಳಚ್ಚು ಎಷ್ಟು ಕಾಲ ಉಳಿಯುತ್ತದೆ, ಯಾರು ಯಾವ ಕಾರಣಕ್ಕೆ ನೋಡಬಹುದು ಎಂಬುದು ಪ್ರತಿ ಅರ್ಜಿದಾರರ ಕೈಗೆ ಅವರವರ ಭಾಷೆಯಲ್ಲಿ ಅಚ್ಚಾಗಿ ಸಿಗಬೇಕು. ಸಚಿವಾಲಯ ಇದನ್ನು ಮಾಡಲೇಬೇಕು.

ಹಳೆಯ ಪಾಸ್‌ಪೋರ್ಟ್ ಇದ್ದವರು ಗಾಬರಿಯಾಗಬೇಕಿಲ್ಲ, ಅವಧಿ ಮುಗಿಯುವವರೆಗೆ ಅದು ಚಾಲ್ತಿಯಲ್ಲೇ ಇರುತ್ತದೆ. ಹೊಸದಕ್ಕೆ ಅರ್ಜಿ ಹಾಕುವವರು ಚಿಪ್‌ಗೆಂದು ಹೆಚ್ಚಿನ ಶುಲ್ಕ ಕೊಡಬೇಕಿಲ್ಲ, ವಯಸ್ಕರಿಗೆ 36 ಪುಟದ್ದಕ್ಕೆ ಎಂದಿನ 1,500 ರೂಪಾಯಿಯೇ. ಆದರೆ ಅರ್ಜಿ ತುಂಬುವ ಮುನ್ನ ಮನೆಯಲ್ಲಿ ಕೂತು ಜನನ ಪ್ರಮಾಣಪತ್ರ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್ ಮೂರನ್ನೂ ಹರಡಿ ಹೆಸರಿನ ಒಂದೊಂದು ಅಕ್ಷರ ತಾಳೆ ನೋಡಿ. ತಪ್ಪಿದ್ದರೆ ಮೊದಲು ಅದನ್ನು ತಿದ್ದಿಸಿ. ವಿದೇಶಾಂಗ ಸಚಿವಾಲಯದ ಪಾಸ್‌ಪೋರ್ಟ್ ಸೇವಾ ಜಾಲತಾಣ, ಆ್ಯಪ್ ಬಿಟ್ಟು ಬೇರೆಲ್ಲೂ ಹಣ ಕಟ್ಟಬೇಡಿ.