ಕೇರಳದ ನೀಲಿಭೃಂಗಾದಿ ಎಣ್ಣೆ ಹಚ್ಚಿದರೆ ಕೂದಲು ಬೆಳೆಯುತ್ತಾ? ಕೊಳ್ಳುವ ಮುನ್ನ ಇದನ್ನು ತಿಳಿದಿರಿ

ಕೊಚ್ಚಿಗೋ ತಿರುವನಂತಪುರಕ್ಕೋ ಪ್ರವಾಸ ಹೋದವರು ಬಾಳೆಕಾಯಿ ಚಿಪ್ಸ್ ಜೊತೆಗೆ ಒಂದು ಬಾಟಲಿ ತಲೆಗೆ ಹಚ್ಚುವ ಎಣ್ಣೆಯನ್ನೂ ತರುವುದುಂಟು. ಅಲ್ಲಿನ ಆಯುರ್ವೇದ ಮಳಿಗೆಗಳಲ್ಲಿ ಕೂದಲಿನ ಸಮಸ್ಯೆ ಹೇಳಿಕೊಂಡರೆ ಮೊದಲು ಕೇಳಿಬರುವ ಹೆಸರುಗಳಲ್ಲಿ ನೀಲಿಭೃಂಗಾದಿಯೂ ಒಂದು. ಇದರಲ್ಲಿ ಏನಿದೆ? ಉದುರಿದ ಕೂದಲು ನಿಜಕ್ಕೂ ಮತ್ತೆ ಬರುತ್ತದೆಯೇ?

ಎಣ್ಣೆಯಲ್ಲಿ ಏನೇನಿದೆ?

ಕೇರಳದ ವೈದ್ಯ ಪರಂಪರೆಯ ‘ಸಹಸ್ರಯೋಗ’ ಗ್ರಂಥದಲ್ಲಿ ಈ ಎಣ್ಣೆ ತಯಾರಿಸುವ ಕ್ರಮವಿದೆ. ಹಿಂದೆ ಬಟ್ಟೆಗೆ ಬಣ್ಣ ಕೊಡುತ್ತಿದ್ದ ನೀಲಿ ಗಿಡ, ಭೃಂಗರಾಜ ಅಂದರೆ ನಮ್ಮ ಗರುಗದ ಸೊಪ್ಪು, ನೆಲ್ಲಿಕಾಯಿ ಇವುಗಳ ರಸ ಮುಖ್ಯ. ಇದಕ್ಕೆ ಜ್ಯೇಷ್ಠಮಧು ಮೊದಲಾದವುಗಳನ್ನು ಅರೆದು ಸೇರಿಸಿ, ಹಸು, ಎಮ್ಮೆ, ಆಡಿನ ಹಾಲು ಮತ್ತು ತೆಂಗಿನಕಾಯಿ ಹಾಲಿನೊಂದಿಗೆ ಎಣ್ಣೆಯಲ್ಲಿ ಕಾಯಿಸುತ್ತಾರೆ. ಬಾಟಲಿಯ ಮೇಲೆ ‘ಕೇರತೈಲ’ ಎಂದಿದ್ದರೆ ಅದು ತೆಂಗಿನೆಣ್ಣೆಯಲ್ಲಿ ಮಾಡಿದ್ದು. ಎಳ್ಳೆಣ್ಣೆಯದ್ದೂ ಸಿಗುತ್ತದೆ.

ಗರುಗಕ್ಕೆ ಮಲಯಾಳಂನಲ್ಲಿ ಕಯ್ಯೋನ್ನಿ ಎಂದು ಹೆಸರು. ತಿರುವಾದಿರ ಹಬ್ಬದ ರಾತ್ರಿ ಮಹಿಳೆಯರು ಮುಡಿಯುವ ‘ದಶಪುಷ್ಪ’ಗಳಲ್ಲಿ ಇದೂ ಒಂದು. ಎಣ್ಣೆ ಹಚ್ಚಿದ ಮೇಲೆ ದಾಸವಾಳದ ಎಲೆ ಕಿವುಚಿದ ಲೋಳೆಯಿಂದ ತಲೆ ತೊಳೆಯುವುದು, ಸ್ನಾನದ ನಂತರ ನೆತ್ತಿಗೆ ಚಿಟಿಕೆ ರಾಸ್ನಾದಿ ಪುಡಿ ತಿಕ್ಕುವುದು ಅಲ್ಲಿನ ರೂಢಿ.

ವಿಜ್ಞಾನ ಏನು ಹೇಳುತ್ತದೆ?

ತೆಂಗಿನೆಣ್ಣೆ ಕೂದಲ ಎಳೆಯೊಳಗೆ ಇಳಿದು ಪ್ರೋಟೀನ್ ನಷ್ಟವನ್ನು ಕಡಿಮೆ ಮಾಡುತ್ತದೆ ಎಂದು 2003ರಲ್ಲಿ ಪ್ರಕಟವಾದ ಭಾರತೀಯ ಸಂಶೋಧಕರ ಅಧ್ಯಯನ ತೋರಿಸಿದೆ. ಸೂರ್ಯಕಾಂತಿ ಎಣ್ಣೆ ಮತ್ತು ಮಿನರಲ್ ಆಯಿಲ್‌ನಲ್ಲಿ ಈ ಗುಣ ಕಾಣಲಿಲ್ಲ. ಅಂದರೆ ಕೂದಲು ತುಂಡಾಗುವುದು ಕಡಿಮೆಯಾಗಿ, ಇರುವ ಕೂದಲು ಉದ್ದಕ್ಕೆ ಉಳಿಯುತ್ತದೆ.

ಆದರೆ ಹೊಸ ಕೂದಲು ಹುಟ್ಟಿಸುವುದು ಬೇರೆ ಮಾತು. ಗರುಗದ ಸಾರದಿಂದ ಇಲಿಗಳಲ್ಲಿ ರೋಮ ಬೇಗ ಬೆಳೆದದ್ದು ಪ್ರಯೋಗಗಳಲ್ಲಿ ಕಂಡಿದೆ. ಇಲಿಯಲ್ಲಿ ಕಂಡದ್ದು ಮನುಷ್ಯರ ಬೋಳುತಲೆಯಲ್ಲೂ ಆಗುತ್ತದೆ ಎನ್ನಲು ಅಷ್ಟು ಸಾಲದು.

ಜಾಹೀರಾತು ನಂಬಿ ದಂಡ

ಇಂಥ ಭರವಸೆಯ ವಿಷಯ ಕೇರಳದಲ್ಲೇ ಗ್ರಾಹಕ ನ್ಯಾಯಾಲಯದ ಮೆಟ್ಟಿಲೇರಿತ್ತು. ಧಾತ್ರಿ ಹೇರ್ ಕ್ರೀಮ್ ಬಳಸಿದರೂ ಕೂದಲು ಬೆಳೆಯಲಿಲ್ಲ ಎಂದು ಗ್ರಾಹಕರೊಬ್ಬರು ದೂರು ನೀಡಿದ್ದರು. ಕಂಪನಿ ಹಾಗೂ ಜಾಹೀರಾತಿನಲ್ಲಿ ಕಾಣಿಸಿಕೊಂಡಿದ್ದ ನಟ ಅನೂಪ್ ಮೆನನ್ ತಲಾ 10,000 ರೂಪಾಯಿ ನೀಡಬೇಕೆಂದು ತ್ರಿಶ್ಶೂರಿನ ಗ್ರಾಹಕ ವೇದಿಕೆ ಆದೇಶಿಸಿತು. ಈ ತೀರ್ಪು 2021ರ ಜನವರಿಯಲ್ಲಿ ಸುದ್ದಿಯಾಯಿತು. ತಾನು ಆ ಕ್ರೀಮ್ ಬಳಸಿಲ್ಲ, ಅಮ್ಮ ಮಾಡಿಕೊಡುವ ಎಣ್ಣೆಯನ್ನೇ ಹಚ್ಚುವುದು ಎಂದು ನಟ ಹೇಳಿಕೆ ಕೊಟ್ಟಿದ್ದರು!

ಮನೆಯಲ್ಲೇ ಮಾಡುವುದು ಹೇಗೆ?

ಗರುಗದ ಸೊಪ್ಪು, ಕರಿಬೇವು, ದಾಸವಾಳದ ಎಲೆ ಅರೆದು ತೆಂಗಿನೆಣ್ಣೆಗೆ ಹಾಕಿ ಸಣ್ಣ ಉರಿಯಲ್ಲಿ ಕಾಯಿಸಿ. ತಳದ ಚರಟವನ್ನು ಬೆಂಕಿಗೆ ಹಿಡಿದರೆ ಚಟಪಟ ಸದ್ದು ಬರಬಾರದು. ಸದ್ದು ಬಂದರೆ ನೀರಿನಂಶ ಇನ್ನೂ ಇದೆ, ಎಣ್ಣೆ ಬೇಗ ಕೆಡುತ್ತದೆ ಎಂದರ್ಥ. ನೀಲಿಭೃಂಗಾದಿಯನ್ನು ಮಾತ್ರ ಮನೆಯಲ್ಲಿ ಪ್ರಯತ್ನಿಸಬೇಡಿ. ಅದಕ್ಕೆ ಗುಲಗಂಜಿಯ ಬೇರನ್ನೂ ಸೇರಿಸುತ್ತಾರೆ; ಆ ಗಿಡದ ಬೀಜ ಮಾರಕ ವಿಷ.

ವೈದ್ಯರನ್ನು ಯಾವಾಗ ಕಾಣಬೇಕು?

ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಜ್ವರ ಅಥವಾ ಹೆರಿಗೆಯಾದ ಎರಡು ಮೂರು ತಿಂಗಳಿಗೆ ಜಾಸ್ತಿ ಉದುರಿದರೂ ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ತಾನೇ ಸರಿಹೋಗುತ್ತದೆ. ಆಗ ಹಚ್ಚಿದ್ದ ಎಣ್ಣೆಗೆ ಹೆಸರು ಬರುತ್ತದೆ ಅಷ್ಟೇ! ನಾಣ್ಯದಗಲ ಕೂದಲು ಹೋಗಿದ್ದರೆ, ನೆತ್ತಿ ತೆಳುವಾಗುತ್ತಿದ್ದರೆ, ತುರಿಕೆ ಅಥವಾ ಗಾಯವಿದ್ದರೆ ಚರ್ಮರೋಗ ತಜ್ಞರನ್ನು ಕಾಣಿ. ಥೈರಾಯ್ಡ್ ತೊಂದರೆ, ಕಬ್ಬಿಣದ ಅಂಶದ ಕೊರತೆ ಎಣ್ಣೆಯಿಂದ ಗುಣವಾಗುವುದಿಲ್ಲ. ವಂಶವಾಹಿ ಬೋಳುತನದಲ್ಲಂತೂ ಚಿಕಿತ್ಸೆ ಬೇಗ ಆರಂಭವಾದಷ್ಟೂ ಇರುವ ಕೂದಲು ಉಳಿಯುವ ಸಾಧ್ಯತೆ ಹೆಚ್ಚು. ಬಾಟಲಿ ಬದಲಾಯಿಸುತ್ತಾ ವರ್ಷ ಕಳೆಯಬೇಡಿ.