ಮದರಾಸಿನ ಮನೆಯ ಬಚ್ಚಲೂ ನಗರದ ಶಾಸನವೂ

ನಗರಗಳ ಇತಿಹಾಸವನ್ನು ಕೋಟೆ, ದೇವಾಲಯ, ನ್ಯಾಯಸ್ಥಾನಗಳ ಮೂಲಕ ಬರೆಯುವುದು ವಾಡಿಕೆ. ಮನೆಯ ಬಚ್ಚಲಿನಿಂದ ಹೊರಬಿದ್ದ ನೀರು ಯಾರ ಹೊಣೆ ಎಂಬ ಪ್ರಶ್ನೆಯನ್ನು ಹಿಡಿದು ಹೊರಟರೂ ನಗರಾಡಳಿತದ ಸ್ವಭಾವ ಅಷ್ಟೇ ಸ್ಪಷ್ಟವಾಗಿ ಗೋಚರಿಸುತ್ತದೆ. ಈ ದೃಷ್ಟಿಯಿಂದ ಮದರಾಸಿನ ಚರಿತ್ರೆ ಪರಿಶೀಲನಾರ್ಹವಾದುದು. ಕನ್ನಡಿಗರಿಗಂತೂ ಅದು ಪರಕೀಯವಾದ ವಿಷಯವಲ್ಲ.

ಮದರಾಸಿನ ನಗರಸಭೆ 1688ರಷ್ಟು ಹಳೆಯದು. ಆದರೆ ಮನೆಗಳ ಕೊಳಚೆಯ ವಿಚಾರ ಗಂಭೀರವಾದ ಚರ್ಚೆಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಭಾರತದಲ್ಲಿದ್ದ ಬ್ರಿಟಿಷ್ ಸೈನ್ಯದ ಆರೋಗ್ಯಸ್ಥಿತಿಯನ್ನು ಕುರಿತ ರಾಜನಿಯೋಗದ ವರದಿ 1863ರಲ್ಲಿ ಪ್ರಕಟವಾಯಿತು. ಅದರ ಫಲವಾಗಿ ಮರುವರ್ಷ ಮದರಾಸಿನಲ್ಲಿ ನೈರ್ಮಲ್ಯ ಆಯೋಗವೊಂದು ಏರ್ಪಟ್ಟಿತು. ಅದೇ ದಶಕದಲ್ಲಿ ಎಂಜಿನಿಯರ್ ಕ್ಯಾಪ್ಟನ್ ಟುಲ್ಲಕ್ ನಗರದ ಚರಂಡಿಗಳಿಗೆ ಯೋಜನೆಯೊಂದನ್ನು ರೂಪಿಸಿದರು. ಅದು ಕೂಡಲೇ ಪೂರ್ಣವಾಗಿ ಕಾರ್ಯಗತವಾಗಲಿಲ್ಲ. ನಗರದ ನೆಲ ಸಮುದ್ರಮಟ್ಟಕ್ಕಿಂತ ಕೆಲವೇ ಮೀಟರುಗಳಷ್ಟು ಎತ್ತರದಲ್ಲಿದೆ. ಕೂವಂ ಮತ್ತು ಅಡ್ಯಾರ್ ನದಿಗಳ ಹರಿವು ಮಂದ. ಇಳಿಜಾರಿಲ್ಲದೆಡೆ ಕೊಳಚೆಯನ್ನು ಪಂಪಿನಿಂದ ಎತ್ತಿ ಸಾಗಿಸಬೇಕಾದುದರಿಂದ ವೆಚ್ಚ ಹಿರಿದಾಗುವುದು ಅನಿವಾರ್ಯವಾಗಿತ್ತು.

1872ರಲ್ಲಿ ಕೆಂಗುಡ್ಡಗಳ ಕೆರೆಯ ನೀರು ನಗರಕ್ಕೆ ಬಂದಿತು. ಮನೆಯೊಳಕ್ಕೆ ನೀರು ಹೆಚ್ಚು ಬಂದಷ್ಟೂ ಹೊರಕ್ಕೆ ಹೋಗುವ ನೀರೂ ಹೆಚ್ಚುವುದು ಸಹಜ. 1890ರ ದಶಕದಲ್ಲಿ ಜಾರ್ಜ್‌ಟೌನ್ ಭಾಗಕ್ಕೆ ಒಳಚರಂಡಿ ದೊರೆಯಿತು. 1910ರಲ್ಲಿ ಸಿದ್ಧವಾದ ಕ್ರಮಬದ್ಧ ಯೋಜನೆ 1961ರ ಹೊತ್ತಿಗೆ ಜನಸಂಖ್ಯೆ 6.6 ಲಕ್ಷವಾಗಬಹುದೆಂದು ಎಣಿಸಿತ್ತು. ಆ ವರ್ಷದ ಜನಗಣತಿಯಲ್ಲಿ ಕಂಡದ್ದು 17 ಲಕ್ಷಕ್ಕೂ ಮಿಕ್ಕ ಸಂಖ್ಯೆ. ನಗರದ ಸೀಮೆ ಈ ನಡುವೆ ಹಿಗ್ಗಿತ್ತೆಂಬುದು ನಿಜ. ಆದರೂ ಯೋಜನೆಯನ್ನು ಮೀರಿ ನಗರ ಬೆಳೆಯಿತೆಂಬುದು ನಿರ್ವಿವಾದ.

ಶಾಸನಗಳೂ ಇದರ ಜೊತೆಜೊತೆಗೆ ಬಂದವು. 1919ರ ಮದರಾಸು ನಗರ ಪೌರಾಡಳಿತ ಶಾಸನ ಮನೆಯ ಚರಂಡಿ, ಕಕ್ಕಸುಗಳನ್ನು ನಗರಸಭೆಯ ಅಧಿಕಾರವ್ಯಾಪ್ತಿಗೆ ತಂದಿತು. 1920ರ ಜಿಲ್ಲಾ ಪೌರಸಭೆಗಳ ಶಾಸನ ಇತರ ಪಟ್ಟಣಗಳಿಗೆ ಅನ್ವಯಿಸಿತು. 1939ರ ಸಾರ್ವಜನಿಕ ಆರೋಗ್ಯ ಶಾಸನ ಚರಂಡಿ ಮತ್ತು ಶೌಚಸೌಕರ್ಯಗಳಿಗೆ ಪ್ರತ್ಯೇಕ ಅಧ್ಯಾಯಗಳನ್ನೇ ಮೀಸಲಿಟ್ಟಿತು. ಆಗ ಮಂಗಳೂರು, ಉಡುಪಿ, ಕಾಸರಗೋಡು, ಬಳ್ಳಾರಿಗಳೆಲ್ಲ ಮದರಾಸು ಪ್ರಾಂತಕ್ಕೆ ಸೇರಿದ್ದವೆಂಬುದನ್ನು ವಾಚಕರು ನೆನೆಯಬೇಕು. 1953ರಲ್ಲಿ ಬಳ್ಳಾರಿಯೂ 1956ರಲ್ಲಿ ದಕ್ಷಿಣ ಕನ್ನಡವೂ ಮೈಸೂರನ್ನು ಸೇರುವವರೆಗೆ, ಅಲ್ಲಿನ ಕನ್ನಡ ಮನೆಗಳ ಹಿತ್ತಲಿಗೂ ಕಾನೂನು ಬರುತ್ತಿದ್ದುದು ಸೇಂಟ್ ಜಾರ್ಜ್ ಕೋಟೆಯಿಂದಲೇ. ಅತ್ತ ಮೈಸೂರು ಸಂಸ್ಥಾನದಲ್ಲಿ, 1898ರ ಪ್ಲೇಗಿನ ಕಾಲದ ಬಡಾವಣೆಗಳಾದ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಮನೆಗಳ ಹಿಂದೆ ಜಾಡಮಾಲಿಗಳ ಓಡಾಟಕ್ಕೆಂದೇ ಓಣಿಗಳನ್ನು ಬಿಟ್ಟಿದ್ದರು. ಉಭಯ ಪದ್ಧತಿಗಳೂ ಮಲವನ್ನು ಕೈಯಿಂದ ತೆಗೆಯುವ ಮನುಷ್ಯನೊಬ್ಬನಿರುತ್ತಾನೆಂಬ ನಂಬಿಕೆಯ ಮೇಲೆಯೇ ನಿಂತಿದ್ದವು.

ಒಳಚರಂಡಿ ತಲುಪದ ಮನೆಗಳಿಗೆ ಒದಗಿದ್ದು ಸೆಪ್ಟಿಕ್ ಟ್ಯಾಂಕು. ಇಂಗ್ಲೆಂಡಿನ ಎಕ್ಸೆಟರ್ ಪಟ್ಟಣದಲ್ಲಿ 1890ರ ದಶಕದಲ್ಲಿ ಡೊನಾಲ್ಡ್ ಕ್ಯಾಮರನ್ ಅದಕ್ಕೆ ಆ ಹೆಸರನ್ನಿತ್ತನು. ಮುಚ್ಚಿದ ತೊಟ್ಟಿಯಲ್ಲಿ ಘನಾಂಶ ತಳಕ್ಕಿಳಿಯುತ್ತದೆ. ಗಾಳಿಯ ಅಗತ್ಯವಿಲ್ಲದ ಸೂಕ್ಷ್ಮಜೀವಿಗಳು ಅದರ ಒಂದಂಶವನ್ನು ಕೊಳೆಯಿಸುತ್ತವೆ. ಮೇಲಿನ ನೀರು ಇಂಗುಗುಂಡಿಗೆ ಹೋಗುತ್ತದೆ. ಉಳಿದ ಕೆಸರನ್ನು ಎರಡು ಮೂರು ವರ್ಷಗಳಿಗೊಮ್ಮೆ ತೆಗೆಯದಿದ್ದರೆ ಘನಾಂಶವೇ ಹೊರಹರಿದು ಇಂಗುಗುಂಡಿಯನ್ನು ಕಟ್ಟಿಸುತ್ತದೆ. ಅಂತರ್ಜಲ ಮೇಲ್ಮಟ್ಟದಲ್ಲಿರುವ ನೆಲದಲ್ಲಿ ಬಾವಿಯೂ ಕೆಡುತ್ತದೆ. ಟ್ಯಾಂಕನ್ನು ಕಟ್ಟುವಾಗ ನಕ್ಷೆ ನೋಡಿ ಅನುಮತಿ ನೀಡುವುದು ಪೌರಸಂಸ್ಥೆಗಳಿಗೆ ಸುಲಭವಾಗಿತ್ತು. ಕಟ್ಟಿದ ಬಳಿಕ ಅದನ್ನು ಯಾರು, ಹೇಗೆ ಬರಿದುಮಾಡಿದರು, ಕೆಸರು ಎಲ್ಲಿಗೆ ಹೋಯಿತು ಎಂಬ ವಿಚಾರ ಬಹುಕಾಲ ಕಡೆಗಣಿಸಲ್ಪಟ್ಟಿತು.

1978ರಲ್ಲಿ ನೀರು ಮತ್ತು ಒಳಚರಂಡಿಯ ಭಾರ ನಗರಸಭೆಯಿಂದ ಪ್ರತ್ಯೇಕ ಮಂಡಳಿಗೆ ವರ್ಗವಾಯಿತು. ಮಳೆನೀರಿನ ಚರಂಡಿ ನಗರಸಭೆಯಲ್ಲೇ ಉಳಿಯಿತು. ಕೊಳಚೆಯನ್ನು ಮಳೆಚರಂಡಿಗೆ ಗುಟ್ಟಾಗಿ ಜೋಡಿಸಿದವರನ್ನು ಹಿಡಿಯಲು ಎರಡು ಸಂಸ್ಥೆಗಳು ಕೂಡಬೇಕಾಯಿತು. ಇದಕ್ಕೆ ಪ್ರತಿಯಾಗಿ ನೆರೆಯ ಆಲಂದೂರಿನ ನಿದರ್ಶನ ಮೆಚ್ಚತಕ್ಕದ್ದು. ಮನೆಗಳೆಲ್ಲ ಸೆಪ್ಟಿಕ್ ಟ್ಯಾಂಕನ್ನೇ ನಂಬಿದ್ದ ಆ ಪಟ್ಟಣದಲ್ಲಿ, 1990ರ ದಶಕದ ಉತ್ತರಾರ್ಧದಲ್ಲಿ ಪೌರಸಭೆಯ ಅಧ್ಯಕ್ಷ ಆರ್. ಎಸ್. ಭಾರತಿಯವರು ನಿವಾಸಿಗಳನ್ನು ಒಪ್ಪಿಸಿ, ಕೊಳವೆ ಹೂಳುವ ಮೊದಲೇ ಮನೆಯೊಂದಕ್ಕೆ 5,000 ರೂಪಾಯಿಗಳಂತೆ ಠೇವಣಿ ಸಂಗ್ರಹಿಸಿದರು, ಒಳಚರಂಡಿ ಕೈಗೂಡಿತು. 2011ರಲ್ಲಿ ಆಲಂದೂರೂ ಸೇರಿ 42 ಸ್ಥಳೀಯ ಸಂಸ್ಥೆಗಳು ಚೆನ್ನೈನಲ್ಲಿ ಲೀನವಾದವು. ನಗರದ ವಿಸ್ತೀರ್ಣ 174ರಿಂದ 426 ಚದರ ಕಿಲೋಮೀಟರಿಗೆ ಏರಿದುದರಿಂದ, ಸೆಪ್ಟಿಕ್ ಟ್ಯಾಂಕು ಹೊರವಲಯದ ಸಮಸ್ಯೆಯಾಗಿ ಉಳಿಯದೆ ನಗರದ್ದೇ ಆಯಿತು.

ಇನ್ನು ತೊಟ್ಟಿಗೆ ಇಳಿಯುತ್ತಿದ್ದ ಮನುಷ್ಯನ ಮಾತು. ಕರ್ನಾಟಕದಲ್ಲಿ ದೇವರಾಜ ಅರಸರ ಮಂತ್ರಿಮಂಡಲದ ಸದಸ್ಯರಾಗಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದ ಆದಿಯಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ ಜನಿಸಿದ ಬೆಜವಾಡ ವಿಲ್ಸನ್ನರು ಸಂಗಡಿಗರೊಡನೆ ಕಟ್ಟಿದ ಸಫಾಯಿ ಕರ್ಮಚಾರಿ ಆಂದೋಲನ 2003ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕಿತು. 2013ರ ಕೇಂದ್ರ ಶಾಸನ, ರಕ್ಷಣೆಯಿಲ್ಲದೆ ಚರಂಡಿ ಮತ್ತು ಸೆಪ್ಟಿಕ್ ಟ್ಯಾಂಕಿಗೆ ಮನುಷ್ಯನನ್ನು ಇಳಿಸುವುದನ್ನು ಅಪರಾಧವೆಂದು ಸಾರಿತು. 1993ರಿಂದೀಚೆಗೆ ಹೀಗೆ ಮಡಿದವರ ಕುಟುಂಬಗಳಿಗೆ ಹತ್ತು ಲಕ್ಷ ರೂಪಾಯಿ ಸಲ್ಲಬೇಕೆಂದು 2014ರ ಮಾರ್ಚಿಯಲ್ಲಿ ತೀರ್ಪಾಯಿತು. 2023ರಲ್ಲಿ ಚರಂಡಿಸಾವುಗಳಿಗೆ ಆ ಮೊತ್ತವನ್ನು ನ್ಯಾಯಾಲಯ ಮೂವತ್ತು ಲಕ್ಷಕ್ಕೆ ಏರಿಸಿತು.

2014ರಲ್ಲಿಯೇ ತಮಿಳುನಾಡು ಸರ್ಕಾರ ಟ್ಯಾಂಕಿನ ಕೆಸರಿನ ನಿರ್ವಹಣೆಗೆ ಮಾರ್ಗಸೂಚಿಗಳನ್ನು ಹೊರಡಿಸಿತು. 2022ರ ತಿದ್ದುಪಡಿಗಳು ಕೆಸರು ಸಾಗಿಸುವ ಲಾರಿಗಳಿಗೆ ಪರವಾನಗಿಯನ್ನು ಕಡ್ಡಾಯಗೊಳಿಸಿದವು. ಹೀಗೆ ಶಾಸನದ ದೃಷ್ಟಿ ಬೀದಿಯ ಚರಂಡಿಯಿಂದ ಮನೆಯ ತೊಟ್ಟಿಗೆ, ತೊಟ್ಟಿಯಿಂದ ಲಾರಿಗೆ, ಕೊನೆಗೆ ದುಡಿಯುವವನ ಪ್ರಾಣಕ್ಕೆ ಬಂದು ಮುಟ್ಟಲು ಒಂದೂವರೆ ಶತಮಾನ ಹಿಡಿಯಿತು. ಮೊದಲು ಬರಬೇಕಾದುದು ಕಡೆಗೆ ಬಂದಿತೆಂಬುದೇ ಈ ಚರಿತ್ರೆಯ ನೀತಿ. ಮನೆ ಕಟ್ಟುವವನು ಟ್ಯಾಂಕಿನ ಅಳತೆಯನ್ನು ವಿಚಾರಿಸುವಂತೆಯೇ ಅದನ್ನು ಬರಿದುಮಾಡುವ ಬಗೆಯನ್ನೂ ವಿಚಾರಿಸುವಂತಾದಾಗ ಮಾತ್ರ ಈ ಶಾಸನಗಳು ಸಾರ್ಥಕವಾದಾವು.